ಪಾತಲಿಂಗ ಪಿಕಪ್ ತರೋಕೆ ಹೋದದ್ದು

ಕೇಳ್ರಪ್ಪಾ ಕೇಳಿ! ಪೆದ್ದನ ಕತೆ ಹೇಳ್ತೀನಿ. ಜಾಣರೆಲ್ಲ ಹಿಂದಕ್ಕೆ ಸರೀರಿ, ನನ್ನಂಥೋರು ಮುಂದಕ್ಕೆ ಬನ್ನಿ. ಇದು ನಮಗೇ ಬೇಗ ಅರ್ಥ ಆಗೋದು.

ಕಳ್ಳಿಹಟ್ಟಿ ಅಂತ ಒಂದೂರು. ಆ ಊರಲ್ಲಿ ಓಬಕ್ಕ ಅಂತ ಒಬ್ಳು. ಗಂಡ ತೀರ್ಕೊಂಡಿದ್ದ. ಅವನು ಬಿಟ್ಟು ಹೋಗಿದ್ದು ಒಂದು ಜೊತೆ ಎತ್ತು, ಒಂದು ಮಿಲ್ಲರ್, ಒಬ್ಬ ಮಗ. ಮಿಲ್ಲರ್ ಅಂದ್ರೆ ಗೊತ್ತಲ್ಲ, ಮನೆ ಮಾಳಿಗೆಗೆ ಮೋಲ್ಡ್ ಹಾಕೋ ದಿನ ಸಿಮೆಂಟು, ಜಲ್ಲಿ, ಮರಳು ಕಲಸೋ ಮಿಷನ್ನು. ದೊಡ್ಡ ಹೊಟ್ಟೆ, ದೊಡ್ಡ ಬಾಯಿ, ಕೆಳಗೆ ಚಕ್ರ. ಅದನ್ನ ಬಾಡಿಗೆಗೆ ಬಿಟ್ರೇನೇ ಓಬಕ್ಕನ ಒಲೆ ಉರಿಯೋದು. ಎತ್ತುಗಳ ಹೆಸರು ಬೂದ, ಮಲ್ಲ. ಮಗನ ಹೆಸರು ಪಾತಲಿಂಗ. ಹೇಳಿದ್ದನ್ನ ಚಾಚೂ ತಪ್ಪದೆ ಮಾಡೋ ಮಗ. ಅದೇ ಓಬಕ್ಕನಿಗೆ ಬಂದಿದ್ದ ಕಷ್ಟ.

"ಪಾತಾ, ಹಾಲು ಉಕ್ಕೋದನ್ನ ನೋಡ್ಲಾ" ಅಂದ್ರೆ, ಉಕ್ಕಿ ಒಲೆ ಆರೋವರೆಗೂ ನೋಡ್ತಾನೆ. ಆಮೇಲೆ ಬಂದು "ಉಕ್ತು ಕಣವ್ವ, ಬಲು ಚೆನ್ನಾಗಿ ಉಕ್ತು" ಅಂತಾನೆ. ಓಬಕ್ಕ ಹಣೆ ಚಚ್ಕೊಂತಾಳೆ. "ತಪ್ಪು ನಂದೇ ಕಣಪ್ಪ! ಉಕ್ಕೋಕೆ ಮುಂಚೆ ಇಳಿಸು ಅನ್ನಬೇಕಿತ್ತು!" ಅಂತಾಳೆ.

ಮಿಲ್ಲರ್ ಎಳೆಯೋಕೆ ಅವಳು ಬಾಡಿಗೆ ಟ್ರಾಕ್ಟರ್ ಕರೀತಿದ್ಲು. ಟ್ರಾಕ್ಟರ್‌ನೋನು ಹೊತ್ತು ನೆತ್ತಿಗೆ ಬಂದ ಮೇಲೆ ಆಕಳಿಸ್ತಾ ಬರೋನು. ಅಷ್ಟೊತ್ತಿಗೆ ಕೂಲಿಯೋರು ಕೂತಿರೋರು, ಮೇಸ್ತ್ರಿ ಕುಣೀತಿರೋನು. ಕೊನೆಗೆ ಗಾದ್ರಪ್ಪ ಮೇಸ್ತ್ರಿ ಖಡಾಖಂಡಿತ ಹೇಳಿಬಿಟ್ಟ: "ಓಬಕ್ಕಾ, ಬರೋ ಸೋಮವಾರ ಪಕ್ಕದ ಹಳ್ಳೀಲಿ ಮೋಲ್ಡು. ಹೊತ್ತು ಹುಟ್ಟೋಕೆ ಮುಂಚೆ ನಿನ್ನ ಮಿಲ್ಲರ್ ಅಲ್ಲಿರಬೇಕು. ಇಲ್ಲ ಅಂದ್ರೆ ಇನ್ಮೇಲೆ ನನ್ನ ಕೆಲಸಕ್ಕೆಲ್ಲ ಪೇಟೆ ಮಿಲ್ಲರ್ರೇ."

ಓಬಕ್ಕ ಸೆರಗು ಸಿಕ್ಕಿಸ್ಕೊಂಡ್ಲು. "ನಮ್ಮದೇ ಒಂದು ಪಿಕಪ್ ತಗೊಂಡ್ಬಿಡ್ತೀನಿ. ಮಿಲ್ಲರ್ ಎಳೆಯೋಕೂ ಆಯ್ತು, ಸಂತೆಗೆ, ನೆಂಟರ ಮನೆಗೆ ದಿನಾ ಓಡಾಡೋಕೂ ಆಯ್ತು" ಅಂದ್ಲು.

"ಅವ್ವಾ, ಬೂದ, ಮಲ್ಲ ಎಳೀತಾವಲ್ಲ?" ಅಂದ ಪಾತಲಿಂಗ.

"ಥೂ, ಪೆದ್ದ ಮುಂಡೇದೆ! ಮಿಷನ್ನಿಗೆ ಎತ್ತು ಕಟ್ಟಿದ್ರೆ ಊರು ನಗಲ್ವೇನ್ಲಾ?"

ಊರು ನಗಬಾರದು ಅಂತ ಎತ್ತುಗಳನ್ನ ಕೆರೆಯಾಚೆ ಚಿತ್ತಣ್ಣನಿಗೆ ಮಾರಿದ್ಲು. ಆ ದುಡ್ಡನ್ನ ಪಿಕಪ್ ಮುಂಗಡಕ್ಕೆ ಅಂತ ಗಂಟು ಕಟ್ಟಿಟ್ಲು. ಎತ್ತು ಹೋದ ದಿನ ಖಾಲಿ ಗೂಟ ಹಿಡ್ಕೊಂಡು ಅತ್ಲು. ಅಳ್ತಾ ಅಳ್ತಾ ಒಳಗೆ ಬರುವಾಗ ಹೊಸ್ತಿಲು ಎಡವಿ ಕಾಲು ಉಳುಕಿಸ್ಕೊಂಡ್ಲು. ಕಾಲು ಊದಿ ಕುಂಬಳಕಾಯಿ ಆಯ್ತು. ಇನ್ನು ಗಾಡಿ ನೋಡೋಕೆ ಹೋಗೋರು ಯಾರು? ಮಗನೇ ಗತಿ!

ಹೋಬಳಿ ಪೇಟೇಲಿ ಬುಡನ್ ಸಾಬ್ ಅಂತ ಗಾಡಿ ದಲ್ಲಾಳಿ. ಅವನ ಹತ್ರ ಎರಡು ಪಿಕಪ್ ಮಾರಾಟಕ್ಕಿದ್ವು. ಒಂದು ನೀಲಿ, ಒಂದು ಬಿಳಿ, ಎರಡೂ ಗಜಗಾತ್ರ. ನೀಲಿ ಗಾಡಿ ಎಳೆಯೋದರಲ್ಲಿ ಗಟ್ಟಿ ಅಂತೆ. ಬಿಳಿ ಗಾಡಿ ದಿನಾ ಓಡಾಡೋಕೆ ನಯ ಅಂತೆ. ನಮ್ಮ ಕಡೆ ಜನಕ್ಕೆ ಒಂದು ರೋಗ ಇದೆ ನೋಡಿ. ಎರಡು ವಸ್ತು ಕಂಡ್ರೆ ಎರಡರ ಗುಣಾನೂ ಒಂದರಲ್ಲೇ ಬೇಕು, ಅದೂ ಅರ್ಧ ದುಡ್ಡಿಗೆ ಬೇಕು. ಓಬಕ್ಕನೂ ನಮ್ಮೋಳೇ ತಾನೇ?

"ಪಾತಾ, ಹೋಗಿ ಎರಡೂ ಗಾಡಿ ನೋಡ್ಕೊಂಡು ಬಾ. ಸುಮ್ನೆ ನೋಡ್ಕೊಂಡು ಬಾ!"

ಪಾತಲಿಂಗ ಹೋದ. ಎರಡೂ ಗಾಡಿ ಎದುರಿಗೆ ಕುಕ್ಕರಗಾಲಲ್ಲಿ ಕೂತ. ನೋಡಿದ, ನೋಡಿದ, ಬೈಗಾಗೋವರೆಗೂ ನೋಡಿದ. ಬುಡನ್ ಸಾಬ್ ಏನಾದ್ರೂ ಹೇಳೋಕೆ ಬಂದ್ರೆ "ಶ್! ನೋಡ್ತಾ ಇದೀನಿ" ಅಂದ. ಮನೆಗೆ ಬಂದ.

"ಏನ್ಲಾ, ಹೆಂಗವೆ?"

"ಎರಡಕ್ಕೂ ನಾಲ್ಕು ನಾಲ್ಕು ಚಕ್ರ ಐತೆ ಕಣವ್ವ."

"ಅಯ್ಯೋ ನನ್ನ ಹಣೆಬರಾವೇ! ಗಾಡಿ ನೋಡೋದು ಅಂದ್ರೆ ಎತ್ತು ನೋಡಿದಂಗೆ ಕಣ್ಲಾ! ನಿಮ್ಮಪ್ಪ ಹೆಂಗೆ ನೋಡೋನು? ಬಾಯಿ ಬಿಡಿಸ್ಬೇಕು, ಬೆನ್ನು ತಟ್ಟಬೇಕು, ಬಾಲ ಹಿಡಿದು ತಿರುಚಬೇಕು!"

"ಹಂಗೇ ಆಗ್ಲಿ ಕಣವ್ವ."

ಮಾರನೇ ದಿನ ಹೋದ. ನೀಲಿ ಗಾಡಿ ಬಾನೆಟ್ ಎತ್ತಿ ಬಾಯಿ ಬಿಡಿಸಿದ. ಹಲ್ಲು ಕಾಣಲಿಲ್ಲ. ಬೆನ್ನು ತಟ್ಟಿದ. ಧಡ್ ಧಡ್ ಅಂತು. ಹಿಂದಕ್ಕೆ ಬಂದು ಬಾಲ ಹುಡುಕಿದ. ಗಾಡಿ ಕೆಳಗೆ ಸೈಲೆನ್ಸರ್ ಪೈಪು ಕಾಣಿಸ್ತು. ಹಿಡಿದು ತಿರುಚಿದ. ಎತ್ತಾಗಿದ್ರೆ ನೆಗೀತಿತ್ತು, ಗಾಡಿ ನೆಗೀಲಿಲ್ಲ. ಇನ್ನೂ ತಿರುಚಿದ. ಲೊಟ್ ಅಂತು! ಪೈಪು ಕೈಗೇ ಬಂತು. ಅದನ್ನ ಹೆಗಲ ಮೇಲೆ ಹೊತ್ಕೊಂಡು ಮನೆಗೆ ಬಂದ.

"ಅವ್ವಾ, ನೀಲಿದರ ಬಾಲ ಗಟ್ಟಿ ಇಲ್ಲ ಕಣವ್ವ. ನೋಡು!"

ಅವನ ಹಿಂದೆನೇ ಬುಡನ್ ಸಾಬ್ ಏದುಸಿರು ಬಿಡ್ತಾ ಓಡಿ ಬಂದ. "ಓಬಕ್ಕಾ, ಗಾಡಿ ಕೊಂಡ್ಕೊಳ್ತೀಯೋ, ಕೊಯ್ದು ಪಾಲು ಹಾಕ್ತೀಯೋ?" ಅಂದ.

ಓಬಕ್ಕ ಕೈಮುಗಿದು ಪೈಪು ವಾಪಸ್ ಕೊಟ್ಲು, ಮಜ್ಜಿಗೆ ಕುಡಿಸಿ ಕಳಿಸಿದ್ಲು. ಆಮೇಲೆ ಮಗನ ಮೇಲೆ ತಿರುಗಿಬಿದ್ಲು. "ಕತ್ತೆ! ಕೈ ಹಾಕ್ಬಾರದು ಕಣ್ಲಾ, ಬಾಯಲ್ಲಿ ಕೇಳ್ಬೇಕು! ನಯವಾಗಿ ಕೇಳ್ಬೇಕು! ದಿನಾ ಎಷ್ಟು ಕುಡೀತದೆ? ಎಲ್ಲಾದ್ರೂ ಬಿದ್ದಿತ್ತಾ? ಇದುವರೆಗೂ ಎಷ್ಟು ಜನರ ಕೈಲಿತ್ತು? ಇಷ್ಟು ಕೇಳೋಕೂ ಬರಲ್ವಾ? ನಿನ್ನ ಕಳಿಸಿದೆನಲ್ಲ, ನನಗೆ ಬುದ್ಧಿ ಇಲ್ಲ!"

"ಕೇಳ್ತೀನಿ ಕಣವ್ವ, ನಯವಾಗಿ ಕೇಳ್ತೀನಿ."

ಅಷ್ಟರಲ್ಲಿ ಯಾರು ಬರ್ಬೇಕು? ಗಾದ್ರಪ್ಪ ಮೇಸ್ತ್ರಿ! ಸೋಮವಾರದ ಮಾತು ನೆನಪಿಸೋಕೆ ಬಂದಿದ್ದ. ಜಗಲಿ ಮೇಲೆ ಕೂತ. ಓಬಕ್ಕ ಕುಂಟ್ಕೊಂಡು ಒಳಗೆ ಟೀ ಕಾಯಿಸೋಕೆ ಹೋದ್ಲು. ಪಾತಲಿಂಗ ಮೇಸ್ತ್ರಿ ಪಕ್ಕ ಒತ್ತಿ ಕೂತ. ನಯವಾಗಿ ಬೆನ್ನು ಸವರಿದ.

"ಮೇಸ್ತ್ರಿಗಳೇ, ದಿನಾ ಎಷ್ಟು ಕುಡೀತೀರಾ?"

ಮೇಸ್ತ್ರಿ ಮುಖ ಕೆಂಪಗಾಯ್ತು. ಯಾಕಂದ್ರೆ ಅವನು ಕುಡಿಯೋನೇ!

"ಎಲ್ಲಾದ್ರೂ ಬಿದ್ದಿದ್ರಾ?"

ಮೇಸ್ತ್ರಿ ಎದ್ದು ನಿಂತ. ಯಾಕಂದ್ರೆ ಬಿದ್ದೂ ಇದ್ದ!

"ಇದುವರೆಗೂ ಎಷ್ಟು ಜನರ ಕೈಲಿದ್ರಿ?"

"ಓಬಕ್ಕಾ!" ಅಂತ ಕೂಗಿದ ಕೂಗಿಗೆ ಹಂಚಿನ ಮೇಲಿದ್ದ ಬೆಕ್ಕು ಕೆಳಗೆ ಬಿತ್ತು. "ಮನೆಗೆ ಬಂದೋನ ಮಾನ ಕಳೀತೀರಾ? ಸೋಮವಾರ ಮಿಲ್ಲರ್ ಒಂದು ಗಳಿಗೆ ತಡ ಆಗ್ಲಿ, ಆಮೇಲೆ ನೋಡು!" ಟವಲ್ ಕೊಡವಿ ಹೊರಟೇಬಿಟ್ಟ.

ಟೀ ಲೋಟ ಹಿಡ್ಕೊಂಡು ಬಂದ ಓಬಕ್ಕ ಅಲ್ಲೇ ಕೂತ್ಲು. ಆ ಟೀನ ತಾನೇ ಕುಡಿದ್ಲು. "ಹೆತ್ತ ಹೊಟ್ಟೆಗೆ ಈ ಟೀನಾದ್ರೂ ಬೀಳ್ಲಿ! ಲೋ, ದೊಡ್ಡೋರ ಹತ್ರ ಪ್ರಶ್ನೆ ಕೇಳ್ಬಾರದು ಕಣ್ಲಾ! ಅವರು ಏನು ಅಂದ್ರೂ ಕೈಮುಗಿದು 'ಹೂಂ, ನಿಮ್ಮಿಷ್ಟ' ಅನ್ಬೇಕು!"

"ಹೂಂ, ನಿಮ್ಮಿಷ್ಟ" ಅಂದ ಪಾತಲಿಂಗ, ಕೈಮುಗಿದು.

ಭಾನುವಾರ ಬಂತು. ಓಬಕ್ಕನಿಗೆ ಇನ್ನು ಬೇರೆ ದಾರಿ ಇರಲಿಲ್ಲ. ದುಡ್ಡಿನ ಗಂಟನ್ನ ಮಗನ ಸೊಂಟಕ್ಕೆ ಬಿಗಿದು ಕಟ್ಟಿದ್ಲು. ಹೊಸ ಅಂಗಿ ತೊಡಿಸಿದ್ಲು, ಹೊಸ ಚಪ್ಪಲಿ ಕೊಟ್ಲು. "ನೋಡಪ್ಪಾ, ನನ್ನ ಬಂಗಾರ. ಭಾರ ಕಟ್ಟಿ ಎಳೆಸಿ ನೋಡು. ಯಾವುದು ಚೆನ್ನಾಗಿ ಎಳೀತದೋ ಅದಕ್ಕೇ ಈ ಗಂಟು ಕೊಟ್ಟು, ನಿಂಬೆಹಣ್ಣು ತುಳಿಸಿ, ಹೂವು ಹಾಕಿಸಿ ಮನೆಗೆ ಕರ್ಕೊಂಡು ಬಾ. ಇವತ್ತು ತಪ್ಪಿದ್ರೆ ನಾಳೆ ನಮ್ಮ ಒಲೆ ಹತ್ತಲ್ಲ. ತಿಳೀತಾ?"

"ಯಾವುದು ಚೆನ್ನಾಗಿ ಎಳೀತದೋ ಅದು. ತಿಳೀತು ಕಣವ್ವ."

ಬುಡನ್ ಸಾಬ್ ಅವತ್ತು ಗಿರಾಕಿಗೆ ಓಡಿಸಿ ತೋರಿಸೋಕೆ ಅಂತ ಎರಡೂ ಗಾಡೀನ ಕಳ್ಳಿಹಟ್ಟಿ ಕೆರೆ ಅಂಗಳಕ್ಕೆ ತಂದು ಇಳಿಸಿದ್ದ. ಪಾತಲಿಂಗ ಹೋಗಿ "ಭಾರ ಕಟ್ಟಿ ಎಳೆಸ್ಬೇಕು" ಅಂದ.

"ಭಾರ ಎಲ್ಲಿಂದ ತರ್ಲಯ್ಯಾ ಇಲ್ಲಿ? ಒಂದರ ಹಿಂದಕ್ಕೆ ಇನ್ನೊಂದರ ಹಿಂದನ್ನ ಕಟ್ಟಿ ಜಗ್ಗಾಡಿಸ್ಲಾ?" ಸಾಬ್ ಅಂದಿದ್ದು ತಮಾಷೆಗೆ.

ಸಾಬ್ ವಯಸ್ಸಲ್ಲಿ ದೊಡ್ಡೋನು. ಪಾತಲಿಂಗ ಕೈಮುಗಿದ. "ಹೂಂ, ನಿಮ್ಮಿಷ್ಟ."

ಗಿರಾಕಿ ಒಪ್ಪಿದ ಮೇಲೆ ಸಾಬ್‌ಗೂ ಹುರುಪು ಬಂತು. ಹಗ್ಗ ಕಟ್ಟಿಸಿದ. ನೀಲಿ ಗಾಡಿ ಡ್ರೈವರ್ ಪೂರ್ವಕ್ಕೆ, ಬಿಳಿ ಗಾಡಿ ಡ್ರೈವರ್ ಪಶ್ಚಿಮಕ್ಕೆ. "ಹೂಂ, ಬಿಡ್ರಲಾ!" ಅಂದ. ಗುರ್‍ರ್ ಅಂತು ನೀಲಿ, ಭರ್‍ರ್ ಅಂತು ಬಿಳಿ. ಇದು ಅದನ್ನ ಬಿಡಲ್ಲ, ಅದು ಇದನ್ನ ಬಿಡಲ್ಲ. ಚಕ್ರ ತಿರುಗಿದ್ದೇ ತಿರುಗಿದ್ದು, ಕೆಸರು ಹಾರಿದ್ದೇ ಹಾರಿದ್ದು. ಬುಡನ್ ಸಾಬ್‌ನ ಬಿಳಿ ಗಡ್ಡ ಕರಿ ಗಡ್ಡ ಆಯ್ತು. ಹೊಗೆ ಇಳಿದ ಮೇಲೆ ನೋಡಿದ್ರೆ ಎರಡೂ ಗಾಡಿ ಹೊಟ್ಟೆಮಟ್ಟ ಹೂತು ಕೂತಿವೆ! ಡ್ರೈವರ್‌ಗಳು ಕಿಟಕೀಲಿ ಇಳಿದ್ರು.

ಹತ್ತಿರದ ಹೊಲದಲ್ಲಿ ಚಿತ್ತಣ್ಣ ಉಳ್ತಾ ಇದ್ದ. ಅವನ ಮುಂದೆ ಯಾರು? ಬೂದ, ಮಲ್ಲ! ಸಾಬ್ ಕೂಗಿ ಕರೆದ. ಎತ್ತು ಬಂದ್ವು. ನೀಲಿಗೆ ಕಟ್ಟಿದ್ರು, ಮೊಣಕಾಲೂರಿ ಎಳೆದ್ವು, ಮೇಲೆ ಬಂತು. ಬಿಳಿಗೆ ಕಟ್ಟಿದ್ರು, ಕತ್ತು ಕೊಟ್ಟು ಎಳೆದ್ವು, ಅದೂ ಬಂತು.

ಪಾತಲಿಂಗ ಕುಣಿದೇಬಿಟ್ಟ. "ಸಿಕ್ತು! ಚೆನ್ನಾಗಿ ಎಳೆಯೋದು ಸಿಕ್ತು! ಚಿತ್ತಣ್ಣಾ, ಹಿಡಿ ಗಂಟು!"

ಚಿತ್ತಣ್ಣ ಗಂಟು ನೋಡಿದ. ತಾನು ಕೊಟ್ಟ ದುಡ್ಡೇ, ಅದಕ್ಕೆ ಓಬಕ್ಕ ಹಾಕಿದ ಗಂಟೂ ಬಿಚ್ಚಿಲ್ಲ. ಒಳ್ಳೇದೇ ಆಯ್ತು ಅಂದ್ಕೊಂಡ. ಎತ್ತು ಬಂದಾಗಿನಿಂದ ನೆಟ್ಟಗೆ ಮೇವು ತಿಂದಿರಲಿಲ್ಲ, ಕಳ್ಳಿಹಟ್ಟಿ ಕಡೆಗೇ ಮುಖ ಮಾಡಿ ನಿಲ್ತಿದ್ವು. ಆದ್ರೂ ವ್ಯಾಪಾರ ನೋಡಿ! "ಹಾಕಿದ ಮೇವಿನ ಬಾಬ್ತು ನಿನ್ನ ಚಪ್ಪಲಿ ಕೊಡ್ತೀಯೇನ್ಲಾ?" ಅಂದ.

"ಹೂಂ, ನಿಮ್ಮಿಷ್ಟ."

"ಅಂಗೀನೂ?"

"ಹೂಂ, ನಿಮ್ಮಿಷ್ಟ."

ಚಿತ್ತಣ್ಣ ಒಳ್ಳೇ ಮನುಷ್ಯ, ಪಂಚೆ ಕೇಳಲಿಲ್ಲ.

ಇತ್ತ ಕಳ್ಳಿಹಟ್ಟೀಲಿ ಓಬಕ್ಕ ಆರತಿ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ಲು. ಹೊಸ ಗಾಡಿ ಬರ್ತದೆ ಅಂತ ಅವಳೇ ಊರಿಗೆಲ್ಲ ಹೇಳಿದ್ಲು, ಊರೆಲ್ಲ ನೆರೆದಿತ್ತು. ಎಲ್ಲರ ಕಿವೀನೂ ಹಾರನ್ ಕಡೆಗೆ. ದೂರದಲ್ಲಿ ಕೇಳಿಸ್ತು: ಗಲ್ ಗಲ್, ಗಲ್ ಗಲ್.

"ಇದ್ಯಾವ ಥರ ಹಾರನ್ನೋ?" ಅಂದ್ರು ಯಾರೋ.

ತಿರುವಿನಲ್ಲಿ ಬೂದ ಬಂತು, ಮಲ್ಲ ಬಂತು. ಕೊರಳಲ್ಲಿ ಚೆಂಡುಹೂವಿನ ಹಾರ, ಗೊರಸಿನ ತುಂಬ ನಿಂಬೆಹಣ್ಣಿನ ರಸ. ಹಿಂದೆ ಪಾತಲಿಂಗ, ಬರಿಮೈ, ಬರಿಗಾಲು, ಮುಖ ಮಾತ್ರ ಹುಣ್ಣಿಮೆ!

"ಚೆನ್ನಾಗಿ ಎಳೆಯೋದೇ ತಂದಿದೀನಿ ಕಣವ್ವ! ಆ ಎರಡು ಗಾಡೀನೂ ಇವೇ ಎಳೆದ್ವು!"

ಊರು ನಕ್ತು. ಬಿದ್ದು ಬಿದ್ದು ನಕ್ತು. ಓಬಕ್ಕ ಬೈಯೋಕೆ ಬಾಯಿ ತೆರೆದ್ಲು. ಅಷ್ಟರಲ್ಲಿ ಬೂದ ಬಂದು ಅವಳ ಹೆಗಲ ಮೇಲೆ ಗದ್ದ ಊರಿತು, ಮಲ್ಲ ಆರತಿ ತಟ್ಟೇಲಿದ್ದ ವೀಳ್ಯದೆಲೆ ತಿಂತು. ಅವಳಿಗೆ ಅಳುನೂ ಬಂತು, ನಗುನೂ ಬಂತು.

"ನಗ್ರಪ್ಪಾ ನಗಿ! ಊರು ನಗ್ತದೆ ಅಂತ ಹೆದರಿ ಎತ್ತು ಮಾರಿದೆ. ಈಗ ನೋಡಿದ್ರೆ ಎತ್ತು ಬಂದಿದ್ದಕ್ಕೂ ನಗ್ತಾ ಇದೀರಿ. ಹೆಂಗೂ ನಗೋರಿಗೆ ಹೆದರಿದೆನಲ್ಲ, ಈ ಮನೇಲಿ ದೊಡ್ಡ ಪೆದ್ದು ಯಾರು? ಮೊದಲ ದಿನವೇ ಕೇಳಿದ ನನ್ನ ಮಗ, ಇವು ಎಳೀತಾವಲ್ಲ ಅಂತ!" ಅಂದ್ಲು. ಕಣ್ಣು ಒರೆಸ್ಕೊಂಡು ಮಗನ ಕಡೆ ತಿರುಗಿದ್ಲು. "ನಾಳೆ ನಸುಕಲ್ಲೇ ಹೊರಡ್ಬೇಕು. ಅದಕ್ಕೆ ಮುಂಚೆ ನೆನೆಸಿದ ಹುರುಳಿ ಹೊಟ್ಟೆ ತುಂಬ ತಿನ್ಸು. ದುಡಿಯೋದನ್ನ ಖಾಲಿ ಹೊಟ್ಟೇಲಿ ಕರ್ಕೊಂಡು ಹೋಗ್ಬಾರದು ಕಣ್ಲಾ."

"ಹಂಗೇ ಆಗ್ಲಿ ಕಣವ್ವ."

ಸೋಮವಾರ ಹೊತ್ತು ಹುಟ್ಟೋಕೆ ಎಷ್ಟೋ ಮುಂಚೆ ಮಿಲ್ಲರ್ ಮೋಲ್ಡಿನ ಮನೆ ಮುಂದೆ ನಿಂತಿತ್ತು. ಅದರ ಮೇಲೆ ಓಬಕ್ಕ ಕಾಲು ಇಳಿಬಿಟ್ಟು ಕೂತಿದ್ಲು. ಗಾದ್ರಪ್ಪ ಮೇಸ್ತ್ರಿ ಬಂದ, ಎತ್ತು ನೋಡಿ ಮೀಸೆಯೊಳಗೇ ನಕ್ಕ. "ಏನೇ ಆಗ್ಲಿ, ಮಾತು ಉಳಿಸ್ಕೊಂಡೆ ಕಣಕ್ಕ" ಅಂದ. ಓಬಕ್ಕನ ಜೀವ ತಣ್ಣಗಾಯ್ತು.

ಮೇಸ್ತ್ರಿ ಮಿಲ್ಲರ್ ಚಾಲೂ ಮಾಡಿದ. ಗಡಗಡ ತಿರುಗ್ತು. ಬಾಯಿ ಬಗ್ಗಿಸಿ ನೋಡಿದ್ರೆ, ಸುರ್‍ರ್ ಅಂತ ಸುರೀತು ನೆನೆಸಿದ ಹುರುಳಿ! ಬೂದ, ಮಲ್ಲ ಓಡಿ ಬಂದು ಬಾಯಿ ಹಾಕಿದ್ವು.

"ಓಬಕ್ಕಾ, ಮೋಲ್ಡಿಗೆ ಹುರುಳಿ ಯಾವ ಲೆಕ್ಕದಲ್ಲಿ ಹಾಕೋದು?" ಅಂದ ಮೇಸ್ತ್ರಿ.

"ಪಾತಾ! ಏನ್ಲಾ ಇದು?"

ಪಾತಲಿಂಗ ಆಗಲೇ ಮೇಲೆ ಹತ್ತಿದ್ದ, ಕಂಬಿ ಕಟ್ಟಿದ ಮಾಳಿಗೆ ಮೇಲೆ. ಅಲ್ಲಿಂದಲೇ ಕೂಗಿದ. "ದಿನವೆಲ್ಲ ದುಡಿಯೋದು ಅದೇ ತಾನೇ ಅವ್ವಾ? ಎತ್ತಿಗಿಂತ ಬಾಯಿ ದೊಡ್ಡದು, ಅದಕ್ಕೇ ಜಾಸ್ತಿ ಹಾಕಿದೆ!"

ಓಬಕ್ಕ ಬೈಯೋಕೆ ಬಾಯಿ ತೆರೆದ್ಲು. ಥಟ್ಟನೆ ಮುಚ್ಕೊಂಡ್ಲು. ಬೈದ್ರೆ ಒಂದು ಬುದ್ಧಿ ಹೇಳ್ಬೇಕಾಗ್ತದೆ. ಬುದ್ಧಿ ಹೇಳಿದ್ರೆ ಇವನು ಅದನ್ನ ಮಾಡಿಬಿಡ್ತಾನೆ!

"ಏನೂ ಮಾಡ್ಬೇಡ ಕಣಪ್ಪ! ಅಲ್ಲೇ ಸುಮ್ನೆ ನಿಂತ್ಕೋ, ಸಾಕು!" ಅಂದ್ಲು.

ಪಾತಲಿಂಗ ನಿಂತ್ಕೊಂಡ. ಅಲ್ಲೇ ನಿಂತ್ಕೊಂಡ. ಸುಮ್ನೆ ನಿಂತ್ಕೊಂಡ. ಕಲಸಿದ ಕಾಂಕ್ರೀಟು ಬಂತು, ಸುರಿದ್ರು. ಇನ್ನೊಂದು ಬಾಂಡ್ಲಿ ಬಂತು, ಬಡಿದ್ರು. "ಸರೀಲಾ" ಅಂದ್ರೆ ಸರಿಯಲ್ಲ, "ಮಾತಾಡ್ಲಾ" ಅಂದ್ರೆ ಮಾತಾಡಲ್ಲ. ಅವ್ವ ಹೇಳಿದ್ದು ಅಂದ್ರೆ ಹೇಳಿದ್ದೇ! ಕೂಲಿಯೋರಿಗೆ ಸಾಕಾಗಿ ಅವನ ಸುತ್ತಲೇ ಮೋಲ್ಡ್ ಹಾಕಿ ಮುಗಿಸಿದ್ರು. ಬೈಗಿಗೆ ಓಬಕ್ಕ ಬಂದು ಕರೆದ ಮೇಲೆ ನಾಲ್ಕು ಜನ ಹಿಡಿದು ಕಿತ್ತು ಇಳಿಸಿದ್ರು.

ಆ ಮಾಳಿಗೆ ಮೇಲೆ ಇವತ್ತಿಗೂ ಎರಡು ಪಾದದ ಗುಂಡಿ ಇವೆ. ಮಳೆ ಬಂದ್ರೆ ನೀರು ನಿಲ್ತದೆ, ಗುಬ್ಬಿ ಕುಡೀತಾವೆ. ಅಲ್ಲಿ ಅವರ ಮಿಲ್ಲರ್ ತಿರುಗ್ತಾ ಇದೆ, ಇಲ್ಲಿ ನಮ್ಮ ತಲೆ ತಿರುಗ್ತಾ ಇದೆ. ಏಳ್ರಪ್ಪಾ ಇನ್ನು, ಮನೇಲಿ ಹಾಲು ಒಲೆ ಮೇಲಿಟ್ಟು ಬಂದಿದೀನಿ.