ತನ್ನ ದಾರಿಯೊಂದನ್ನೇ ಬರೆದವಳು

“ಅಮ್ಮ, ನನ್ನ ಕಂಪ್ಯೂಟರನ್ನು ಕೆಲಸಕ್ಕೆ ಅಣಿ ಮಾಡಿಕೊಳ್ಳುವುದು ನನಗೀಗ ಕರಗತವಾಗಿದೆ. ಬೇರೆ ಬಗೆಯ ಕಂಪ್ಯೂಟರಿನ ಮುಂದೆ ಕೂತರೆ ಮತ್ತೆ ಮೊದಲಿನಿಂದ ಕಲಿಯಬೇಕೆ?” ಎಂದು ಚಂದ್ರಕಲೆ ಕೇಳಿದಳು. ಕೇಳುವಾಗ ಅವಳ ಗಲ್ಲ ತುಸು ಮೇಲಕ್ಕೇ ಇತ್ತು.

ಪ್ರೋಗ್ರಾಮ್ ಬರೆಯುವುದನ್ನು ಅವಳಿಗೆ ಕಲಿಸುತ್ತಿದ್ದ ಮುದುಕಿ ತುಂಗಮ್ಮ ಅತ್ತಿತ್ತ ನೋಡಿ ದನಿ ತಗ್ಗಿಸಿದರು.

“ಮೊದಲು ಬಾಗಿಲು ಮುಂದೆ ಮಾಡಿ ಬಾ. ಈಗ ಹೇಳುವುದು ನಿನ್ನ ಹೊಟ್ಟೆಯಲ್ಲೇ ಇರಬೇಕು. ಹೊರಗೆ ಬಿತ್ತೋ, ನಾಳೆಯಿಂದ ನಿನಗೆ ಪಾಠವೂ ಇಲ್ಲ, ಕಾಫಿಯೂ ಇಲ್ಲ.”

ಚಂದ್ರಕಲೆ ಬಾಗಿಲು ಮುಚ್ಚಿ ಬಂದಳು. ತುಂಗಮ್ಮ ಕತೆ ಹೇಳಿದರು.

ಒಂದು ಕಚೇರಿಯಲ್ಲಿ ಒಬ್ಬ ಹೆಂಗಸಿದ್ದಳು. ಪ್ರೋಗ್ರಾಮ್ ಬರೆಯುವುದರಲ್ಲಿ ಗಟ್ಟಿಗಿತ್ತಿ. ಅದನ್ನು ಬೇರೆಯವರು ಹೇಳುವವರೆಗೆ ಕಾಯುವಷ್ಟು ತಾಳ್ಮೆ ಮಾತ್ರ ಅವಳಿಗಿರಲಿಲ್ಲ. ಆ ಕಚೇರಿಯ ಹಿರಿಯಳು ಕೆಲಸ ಬಿಡುವವಳಿದ್ದಳು. “ಎಲ್ಲರೂ ಕೂತು ಕೆಲಸ ಮಾಡುವ ಈ ದೊಡ್ಡ ಕಂಪ್ಯೂಟರನ್ನು ಯಾರು ಸರಿಯಾಗಿ ಅಣಿ ಮಾಡುತ್ತಾರೋ ಅವರಿಗೆ ನನ್ನ ಕುರ್ಚಿ” ಎಂದು ಹಿರಿಯಳು ಹೇಳಿದಳು.

ಕಂಪ್ಯೂಟರಿಗೆ ತಾನಾಗಿ ಏನೂ ತಿಳಿಯದು. ಕೆಲಸ ಮಾಡಿಕೊಡುವ ಯಾವ ಉಪಕರಣ ತನ್ನೊಳಗೆ ಎಲ್ಲಿದೆ ಎಂಬ ದಾರಿಯನ್ನು ಅದಕ್ಕೆ ಮೊದಲೇ ಬರೆದಿಟ್ಟಿರಬೇಕು. ಆ ಹೆಂಗಸಿನ ಮನೆಯಲ್ಲಿದ್ದದ್ದು ವಿಂಡೋಸ್. ಅಲ್ಲಿ ದಾರಿಗಳ ಪಟ್ಟಿ ತೆರೆದು ತನ್ನ ದಾರಿಯನ್ನು ಹೊಸ ಸಾಲಾಗಿ ಸೇರಿಸಿದರೆ ಮುಗಿಯಿತು, ಹಳೆಯವು ತಮ್ಮ ಪಾಡಿಗೆ ಇರುತ್ತವೆ. ಕಚೇರಿಯದು ಲಿನಕ್ಸ್ ಎಂಬ ಬೇರೆ ಬಗೆಯದು. ಅಲ್ಲಿ ಹೊಸ ದಾರಿ ಬರೆಯುವಾಗ ಹಳೆಯವನ್ನೂ ಕರೆದು ಜೊತೆಗೆ ಕೂರಿಸಬೇಕು. ಕೂರಿಸದಿದ್ದರೆ ಹಳೆಯವೆಲ್ಲ ಅಳಿಸಿಹೋಗಿ ಹೊಸದೊಂದೇ ಉಳಿಯುತ್ತದೆ.

ಯಾರನ್ನಾದರೂ ಕೇಳಬಹುದಿತ್ತು. ಪಕ್ಕದ ಕುರ್ಚಿಯಲ್ಲಿ ಕೂರುವವಳು ತಾನಾಗಿ ಬಂದು, “ಒಂದು ಸಲ ನೋಡಲೇನೇ?” ಎಂದೂ ಕೇಳಿದಳು.

“ನೀನು ನೋಡಿ ಕಲಿಸುವಂಥದ್ದು ಇದರಲ್ಲೇನಿದೆ? ಒಂದು ಸಾಲು ಬರೆದರೆ ಆಯಿತು” ಎಂದಳು ಇವಳು.

ಬರೆದದ್ದೂ ಒಂದೇ ಸಾಲು, ತನ್ನ ದಾರಿಯದು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದಳು. ಅವಳ ಪ್ರೋಗ್ರಾಮ್ ತಟ್ಟನೆ ಓಡಿತು. ಎದೆ ಉಬ್ಬಿತು. ಎಲ್ಲರನ್ನೂ ಕರೆದು ತೋರಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದು ಅವಳು ಉಟ್ಟು ಬಂದದ್ದು ಜರಿಯಂಚಿನ ಸೀರೆಯಂತೆ ಕಣೇ! ಹಿರಿಯಳು ಇನ್ನೂ ಎದ್ದಿರಲಿಲ್ಲ, ಇವಳು ಆಗಲೇ ಹೋಗಿ ಆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು.

ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಕೂತರು. ಒಬ್ಬಳು ದಿನವೂ ಕೊಡುವ ಆಜ್ಞೆಯನ್ನೇ ಕೊಟ್ಟಳು. ಅಂಥದ್ದು ಇಲ್ಲಿಲ್ಲ ಎಂದಿತು ಕಂಪ್ಯೂಟರ್. ಇನ್ನೊಬ್ಬಳು ತನ್ನ ಕಡತಗಳನ್ನು ತೋರಿಸು ಎಂದಳು. ತೋರಿಸುವ ಉಪಕರಣವೇ ಅದಕ್ಕೆ ಸಿಗಲಿಲ್ಲ. ಯಾರು ಏನು ಕೇಳಿದರೂ ಇಲ್ಲ ಎಂಬುದೊಂದೇ ಉತ್ತರ.

ಇವಳ ಮುಖ ಕೆಂಪಾಯಿತು. ಎಲ್ಲರ ಎದುರಿಗೆ ಪಕ್ಕದವಳ ಕಡೆಗೆ ಬೆರಳು ತೋರಿಸಿದಳು. “ಇದೆಲ್ಲ ಇವಳದೇ ಕಿತಾಪತಿ. ನನಗೆ ಕುರ್ಚಿ ಸಿಗುತ್ತದೆಂದು ಹೊಟ್ಟೆಕಿಚ್ಚು. ನನ್ನದು ನಡೆಯುತ್ತಿದೆ, ಬೇಕಾದರೆ ನೋಡಿ!” ಎಂದು ಮತ್ತೆ ತನ್ನ ಪ್ರೋಗ್ರಾಮನ್ನು ಓಡಿಸಿ ತೋರಿಸಿದಳು. ಅದು ಚೆನ್ನಾಗಿಯೇ ಓಡಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ತುಂಗಮ್ಮ ಕತೆ ನಿಲ್ಲಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡರು. ಚಂದ್ರಕಲೆಗೆ ತಡೆಯಲಾಗಲಿಲ್ಲ. “ಕುರ್ಚಿ ಯಾರಿಗೆ ಸಿಕ್ಕಿತು, ಅಮ್ಮ?”

“ಇವಳಿಗಂತೂ ಅಲ್ಲ. ಕುರ್ಚಿಯ ಮಾತು ಹಾಗಿರಲಿ, ಆ ಪಕ್ಕದವಳು ಮುಖಕ್ಕೆ ಮುಖ ಕೊಟ್ಟು ಏನೆಂದಳು ಗೊತ್ತೆ? ‘ನಿನ್ನದೊಂದು ನಡೆಯುತ್ತಿದೆಯಲ್ಲಮ್ಮ, ಅದಕ್ಕೇ ನಮ್ಮೆಲ್ಲರದೂ ನಿಂತದ್ದು ನಿನಗೆ ಕಾಣಲಿಲ್ಲ.’”