ಮೂಡಣ ಕಡಲಿಗೆ ಹೋದವನ ಸುದ್ದಿ

“ಗುರುಗಳೇ, ನಾಳೆ ಹೊರಡುತ್ತೇನೆ. ಎಲ್ಲಾದರೂ ಒಬ್ಬನೇ ಇರುತ್ತೇನೆ. ಹಿಂದೆ ಮುಂದೆ ಯಾರೂ ಇಲ್ಲದವನು ಎಲ್ಲಿದ್ದೇನೆ, ಹೇಗಿದ್ದೇನೆ ಎಂದು ಯಾರಿಗೆ ತಿಳಿಸಬೇಕು?” ಎಂದು ಬೊಮ್ಮಯ್ಯ ಕೇಳಿದ. ಅವನು ಮಠಕ್ಕೆ ಬಂದು ಆರು ವರ್ಷವಾಗಿತ್ತು.

ಗುರುಗಳು ಹೆಚ್ಚು ಮಾತಿನವರಲ್ಲ. “ಕೂತುಕೋ” ಎಂದರು. ಆಮೇಲೆ ಹೇಳಿದರು.

ಒಬ್ಬ ಕಲ್ಲುಕುಟಿಗನಿದ್ದ. ಒಂದೇ ವಾರದಲ್ಲಿ ಅವನ ಹೆಂಡತಿಯೂ ಮಗಳೂ ಜ್ವರ ಬಂದು ಹೋದರು. ಪಡುವಣ ಕಡಲಿನಿಂದ ಮೂಡಣ ಕಡಲಿನವರೆಗೆ ನಡೆದುಬಿಟ್ಟರೆ ಎದೆಯ ಭಾರ ಇಳಿಯುತ್ತದೆಂದು ಯಾರೋ ಹೇಳಿದರು. ಉಳಿ ಸುತ್ತಿಗೆಗಳನ್ನು ಜೋಳಿಗೆಗೆ ಹಾಕಿಕೊಂಡು ಹೊರಟ.

ಆ ದಾರಿ ಮೊದಲಾಗುವುದು ಉಪ್ಪು ಬೆಳೆಯುವ ಒಂದು ಸಣ್ಣ ಊರಿನಲ್ಲಿ. ನಡೆಯುವವನು ಅಲ್ಲಿ ಯಾವುದಾದರೂ ಒಂದು ಮನೆಯಲ್ಲಿ ಉಂಡೇ ಹೊರಡಬೇಕು. ಅದು ಊರಿನ ಕಟ್ಟಳೆ. ಕಲ್ಲುಕುಟಿಗ ಕೊನೆಯ ಮನೆಯ ಜಗಲಿಯ ಮೇಲೆ ಕೂತ. ಒಬ್ಬ ಮುದುಕಿ ಗಂಜಿ ಬಡಿಸಿದಳು.

“ಕಡಲು ಇಲ್ಲೇ ಇದೆಯಲ್ಲಪ್ಪ. ಆ ಕಡೆಯದೇನು ಸಿಹಿನೀರೇ?” ಎಂದಳು.

ಅವನು ನಗಲಿಲ್ಲ.

“ಹೋಗಲಿ. ಮುಟ್ಟಿದ ಮೇಲೆ ಒಂದು ಮಾತು ಹೇಳಿ ಕಳಿಸು. ಮೆಣಸಿನ ಹೇರಿನವರು ವರ್ಷಕ್ಕೊಮ್ಮೆ ಅಲ್ಲಿಗೆ ಹೋಗಿ ಬರುತ್ತಾರೆ.”

“ನನ್ನ ಸುದ್ದಿ ಯಾರಿಗೆ ಬೇಕು?” ಎಂದು ಕೈ ತೊಳೆದು ಎದ್ದ.

ನಾಲ್ಕು ತಿಂಗಳು ನಡೆದ. ದಾರಿ ಕೇಳಲಿಕ್ಕಷ್ಟೇ ಬಾಯಿ ತೆರೆದ. ಕೆಲವು ಸಲ ಮಾತು ಇನ್ನೂ ಇದೆಯೇ ಎಂದು ನೋಡಲು ತನ್ನ ಹೆಸರನ್ನು ತಾನೇ ಕರೆದುಕೊಂಡ. ಒಂದು ಬೆಳಿಗ್ಗೆ ಮೂಡಣ ಕಡಲು ಸಿಕ್ಕಿತು. ಬೆಸ್ತನೊಬ್ಬ ದಡದಲ್ಲಿ ಬಲೆ ಹರಡುತ್ತಿದ್ದ.

“ಎಲ್ಲಿಂದ?”

“ಪಡುವಣ ಕಡಲಿಂದ. ನಡೆದು ಬಂದೆ.”

“ಹಾಗೋ. ಕಾಲು ತೆಗಿ, ಬಲೆ ತುಳಿಯುತ್ತಿದ್ದೀಯ.”

ಭಾರ ಇಳಿಯಲಿಲ್ಲ. ಹಿಂದಿರುಗಿ ಹೋಗಲು ಮನೆಯಿರಲಿಲ್ಲ. ಅಲ್ಲೇ ಕಲ್ಲು ಕಡಿಯುತ್ತ ನಿಂತ. ಮೆಣಸಿನ ಹೇರಿನವರು ಬಂದಾಗಲೆಲ್ಲ, “ಪಡುವಣಕ್ಕೆ ಏನಾದರೂ ಹೇಳಬೇಕೇ?” ಎಂದು ಕೇಳುವರು. ಅವನು ಬೇಡವೆಂದು ತಲೆಯಾಡಿಸಿಬಿಡುವನು.

ಮೂರು ವರ್ಷ ಕಳೆಯಿತು. ತಾನು ನಡೆದದ್ದನ್ನು ಆ ಮೂಡಣದ ಊರಿನಲ್ಲಿ ಯಾರೂ ನೆನೆಯುವುದಿಲ್ಲ ಎಂಬುದು ಅವನನ್ನು ಕೊರೆಯತೊಡಗಿತು. ತಾನು ಹೊರಟದ್ದನ್ನು ಕಂಡ ಮುಖ ಲೋಕದಲ್ಲಿ ಒಂದೇ ಒಂದಿತ್ತು. ಅದನ್ನು ನೋಡಲು ಬಂದ ದಾರಿಯಲ್ಲೇ ಹಿಂದಕ್ಕೆ ನಡೆದ.

ಮನೆ ಹಾಗೆಯೇ ಇತ್ತು. ಮುದುಕಿ ಇರಲಿಲ್ಲ. ಅವಳ ಸೊಸೆ ಗಂಜಿ ಬಡಿಸಿ, ಉಪ್ಪಿನ ಚಿಪ್ಪನ್ನು ಅವನ ಮುಂದೆ ಇಟ್ಟಳು. ತಾನೂ ಒಂದು ಬಟ್ಟಲು ಹಿಡಿದು ಕೂತಳು. ಚಿಪ್ಪಿಗೆ ಕೈ ಹಾಕಲಿಲ್ಲ.

“ಉಪ್ಪಿನ ಊರಲ್ಲಿ ಸಪ್ಪೆ ಗಂಜಿಯೇ, ತಾಯಿ?”

“ಈ ಜಗಲಿಯಲ್ಲಿ ಉಂಡು ಒಬ್ಬ ಮೂಡಣಕ್ಕೆ ಹೋದ. ಮುಟ್ಟಿದ ಸುದ್ದಿ ಬರುವವರೆಗೆ ಬಡಿಸಿದವರು ಉಪ್ಪು ತಿನ್ನುವ ಹಾಗಿಲ್ಲ.”

“ಅದನ್ನು ಅವನಿಗೆ ಹೇಳಲಿಲ್ಲವೇ?”

“ಹೇಳಿದರೆ ನಡೆಯುವವನಿಗೆ ಹೊರೆ. ಹೊರಟವರಿಗೆ ಹೇಳುವುದಿಲ್ಲ.”

“ಬಡಿಸಿದ್ದು ನೀನೇ?”

“ನಮ್ಮತ್ತೆ. ಮೂರು ವರ್ಷ ಸಪ್ಪೆ ಉಂಡಳು. ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಈಗ ನಾನು. ಅವನು ಸತ್ತಿರಬೇಕು, ಬಿಡು ಅನ್ನುತ್ತಾರೆ ಊರವರು. ಸತ್ತದ್ದೂ ಸುದ್ದಿಯೇ ಅಲ್ಲವೇ? ಅದೂ ಬರಲಿಲ್ಲವಲ್ಲ.”

ಕಲ್ಲುಕುಟಿಗನ ಕೈ ಬಟ್ಟಲಿನಲ್ಲೇ ನಿಂತಿತು. ಸುಮ್ಮನೆ ಎದ್ದು ಹೋಗಬಹುದಿತ್ತು. ಅವಳಿಗೆ ಗುರುತು ಸಿಕ್ಕಿರಲಿಲ್ಲ. ಹೋದರೆ ಅವಳು ಸಾಯುವವರೆಗೂ ಹೀಗೆಯೇ ಉಣ್ಣುತ್ತಾಳೆ. ಹೇಳಿದರೆ, ಆ ಮುದುಕಿಯ ಮೂರು ವರ್ಷಕ್ಕೆ ಅವನೇ ಉತ್ತರ ಕೊಡಬೇಕು.

“ನಾಲ್ಕು ತಿಂಗಳಿಗೇ ಮುಟ್ಟಿದೆ, ತಾಯಿ. ಅವನು ನಾನೇ” ಎಂದ.

ಅವಳು ಬೈಯಲಿಲ್ಲ. ಚಿಪ್ಪನ್ನು ಹತ್ತಿರಕ್ಕೆ ಎಳೆದುಕೊಂಡು ಒಂದು ಚಿಟಿಕೆ ಹಾಕಿ ಕಲಸಿದಳು. ಮೊದಲ ತುತ್ತನ್ನು ಅತ್ತೆಗೆಂದು ಜಗಲಿಯ ಅಂಚಿನಲ್ಲಿಟ್ಟಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಬೊಮ್ಮಯ್ಯ, “ಆಮೇಲೆ ಆ ಕಲ್ಲುಕುಟಿಗ ಏನಾದ?” ಎಂದು ಕೇಳಿದ.

“ಅವನದಿರಲಿ. ನೀನು ಊರು ಬಿಟ್ಟ ದಿನ ನಿನಗೆ ಬಡಿಸಿದವರು ಯಾರು?”