ಬಾವಿಗೆ ಬಿದ್ದ ಬಿಂದಿಗೆ

ಕುಳಿತುಕೊಳ್ಳಿ. ಕಾಲು ಮಡಚಿ. ಕಥೆ ಓಡುತ್ತದೆ, ನೀವು ಓಡಬೇಡಿ.

ಒಂದು ಊರು. ಊರಾಚೆ ಒಂದು ಬಾವಿ. ಬಾವಿಯ ಪಕ್ಕ ಒಂದು ತರಕಾರಿ ತೋಟ. ಎಷ್ಟು ದೊಡ್ಡದು? ನಾಲ್ಕು ಸೀರೆ ಹಾಸಿದರೆ ಮುಚ್ಚಿಹೋಗುವಷ್ಟು. ಅದು ಕದಿರಮ್ಮನ ತೋಟ.

ತೋಟದಲ್ಲಿ ಬದನೆ ಸಸಿ. ಟೊಮೆಟೊ ಸಸಿ. ಮೆಣಸಿನ ಸಸಿ. ನಿನ್ನೆ ಸಂಜೆ ನೆಟ್ಟದ್ದು. ಒಂದೊಂದೂ ಕಿರುಬೆರಳಿನಷ್ಟು.

ಬೆಳಿಗ್ಗೆ ಕದಿರಮ್ಮ ಬಿಂದಿಗೆ ತಂದಳು. ಹಗ್ಗ ಕಟ್ಟಿದಳು. ಬಾವಿಗೆ ಬಿಟ್ಟಳು. ಕುಣಿಕೆ ಜಾರಿತು.

ಬುಳುಂ.

ಬಿಂದಿಗೆ ಬಾವಿಯೊಳಗೆ. ಬರೀ ಹಗ್ಗ ಕೈಯೊಳಗೆ.

ಕದಿರಮ್ಮ ಬಗ್ಗಿ ನೋಡಿದಳು. ನೀರು ಕಪ್ಪಗಿತ್ತು. ಅವಳಿಗಿದ್ದದ್ದು ಅದೊಂದೇ ಬಿಂದಿಗೆ. ತಿರುಗಿ ಸಸಿಗಳನ್ನು ನೋಡಿದಳು. ಬಿಸಿಲು ನೆತ್ತಿಗೆ ಬರುವುದರೊಳಗೆ ನೀರು ಬೇಕು. ಇಲ್ಲದಿದ್ದರೆ ಬದನೆ ಹೋಯಿತು. ಟೊಮೆಟೊ ಹೋಯಿತು. ಮೆಣಸಿನಕಾಯಿ ಹೋಯಿತು. ಈ ವರ್ಷದ ತೋಟವೇ ಹೋಯಿತು.

ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಓಡಿದಳು.

ಕಮ್ಮಾರ ವೀರಾಚಾರಿಯ ಹತ್ತಿರ ಪಾತಾಳಗರಡಿ ಇತ್ತು. ಅದು ಕಬ್ಬಿಣದ ಬಳೆ. ಬಳೆಯ ಸುತ್ತ ಕೊಕ್ಕೆ, ಕೊಕ್ಕೆ, ಕೊಕ್ಕೆ. ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟರೆ ಬಿದ್ದದ್ದನ್ನೆಲ್ಲ ಹಿಡಿದು ತರುತ್ತದೆ.

"ವೀರಾಚಾರಿ, ವೀರಾಚಾರಿ, ಗರಡಿ ಕೊಡಪ್ಪ. ಗರಡಿ ಇಳಿದರೆ ಬಿಂದಿಗೆ. ಬಿಂದಿಗೆ ಬಂದರೆ ನೀರು. ನೀರು ಕುಡಿದರೆ ಸಸಿ. ಬಿಸಿಲು ಏರುತ್ತಿದೆ, ಬೇಗ ಕೊಡಪ್ಪ."

ವೀರಾಚಾರಿ ತಿದಿ ಒತ್ತುತ್ತಿದ್ದ. ತಲೆ ಎತ್ತಲಿಲ್ಲ.

"ಗರಡಿ ಬೇಕಾದರೆ ಒಂದು ನೀರಿನ ಪಾತ್ರೆ ಇಲ್ಲಿ ಇಟ್ಟು ಹೋಗಬೇಕಕ್ಕ. ಗರಡಿ ವಾಪಸ್ಸು ಬಂದರೆ ಪಾತ್ರೆ ವಾಪಸ್ಸು. ಊರ ಪದ್ಧತಿ."

"ನನ್ನ ಪಾತ್ರೆ ಬಾವಿಯಲ್ಲಿದೆಯಲ್ಲಪ್ಪ."

"ಎಲ್ಲರದೂ ಬಾವಿಯಲ್ಲೇ ಇರುತ್ತೆ. ಅದಕ್ಕೇ ಅಲ್ಲವಾ ಗರಡಿ ಕೇಳೋದು? ಹೋದ ಯುಗಾದಿಗೆ ಒಬ್ಬನಿಗೆ ಸುಮ್ಮನೆ ಕೊಟ್ಟೆ. ದೀಪಾವಳಿಗೆ ತಂದುಕೊಟ್ಟ. ನಷ್ಟ ಯಾರಿಗೆ?"

ಕದಿರಮ್ಮ ಓಡಿದಳು. ಕುಂಬಾರ ಸಿಂಗಣ್ಣನ ಅಂಗಳಕ್ಕೆ ಓಡಿದಳು. ಅಂಗಳದ ತುಂಬ ಗಡಿಗೆ.

"ಸಿಂಗಣ್ಣ, ಸಿಂಗಣ್ಣ, ಗಡಿಗೆ ಕೊಡಪ್ಪ. ಗಡಿಗೆ ಇಟ್ಟರೆ ಗರಡಿ. ಗರಡಿ ಇಳಿದರೆ ಬಿಂದಿಗೆ. ಬಿಂದಿಗೆ ಬಂದರೆ ನೀರು. ನೀರು ಕುಡಿದರೆ ಸಸಿ. ಬಿಸಿಲು ಏರುತ್ತಿದೆ, ಬೇಗ ಕೊಡಪ್ಪ."

"ಇವೆಲ್ಲ ಸಂತೆಗೆ ಹೋಗೋ ಗಡಿಗೆ. ಸುಮ್ಮನೆ ಕೊಟ್ಟು ನಾನೇನು ಮಣ್ಣು ತಿನ್ನಲಾ? ನಾಳೆ ಇನ್ನಷ್ಟು ಗಡಿಗೆ ಸುಡಬೇಕು. ಒಂದು ಬುಟ್ಟಿ ಬೆರಣಿ ತಾ. ಗಡಿಗೆ ನಿನ್ನದೇ. ಬಾವಿಗೆ ಮಾತ್ರ ಬಿಡಬೇಡ, ಕಲ್ಲಿಗೆ ತಾಗಿ ಒಡೆಯುತ್ತೆ."

ತೋಟದಲ್ಲಿ ಬದನೆ ಎಲೆ ಬಾಡಿತು.

ಕದಿರಮ್ಮ ಓಡಿದಳು. ಎಮ್ಮೆ ಸಾಕುವ ಗೋವಿಂದಮ್ಮನ ಕೊಟ್ಟಿಗೆಗೆ ಓಡಿದಳು. ಗೋಡೆಯ ತುಂಬ ಬೆರಣಿ.

"ಗೋವಿಂದಮ್ಮ, ಗೋವಿಂದಮ್ಮ, ಬೆರಣಿ ಕೊಡಮ್ಮ. ಬೆರಣಿ ತಂದರೆ ಗಡಿಗೆ. ಗಡಿಗೆ ಇಟ್ಟರೆ ಗರಡಿ. ಗರಡಿ ಇಳಿದರೆ ಬಿಂದಿಗೆ. ಬಿಂದಿಗೆ ಬಂದರೆ ನೀರು. ನೀರು ಕುಡಿದರೆ ಸಸಿ. ಬಿಸಿಲು ಏರುತ್ತಿದೆ, ಬೇಗ ಕೊಡಮ್ಮ."

"ಬೆರಣಿ ನಿನಗೆ ಕೊಟ್ಟು ನನ್ನ ಒಲೆಗೆ ಏನು ಹಾಕಲಿ? ಕಾಲು ಹಾಕಲಾ? ಇಗೋ ನೋಡು ಎಮ್ಮೆ. ಹಿಂಡಿ ಇಲ್ಲ ಅಂತ ಮೂತಿ ತಿರುಗಿಸಿಕೊಂಡು ನಿಂತಿದೆ. ಹಾಲೂ ಇಲ್ಲ. ಒಂದು ಬುಟ್ಟಿ ಹಿಂಡಿ ತಾ. ಬೆರಣಿ ತಗೊಂಡು ಹೋಗು."

ಎಮ್ಮೆಯೂ ಹೂಂ ಎಂದಿತು.

ತೋಟದಲ್ಲಿ ಬದನೆ ಎಲೆ ಬಾಡಿತು. ಟೊಮೆಟೊ ಎಲೆ ಬಾಡಿತು.

ಕದಿರಮ್ಮ ಓಡಿದಳು. ಗಾಣದ ತಿಮ್ಮರಾಯಪ್ಪನ ಹತ್ತಿರ ಓಡಿದಳು. ಗಾಣ ಕಿರ್ ಕಿರ್ ಎನ್ನುತ್ತಿತ್ತು. ಎತ್ತು ಸುತ್ತುತ್ತಿತ್ತು. ಎತ್ತಿನ ಹಿಂದೆ ತಿಮ್ಮರಾಯಪ್ಪ ಸುತ್ತುತ್ತಿದ್ದ. ಅವನ ಹಿಂದೆ ಕದಿರಮ್ಮನೂ ಸುತ್ತಿದಳು.

"ತಿಮ್ಮರಾಯಪ್ಪ, ತಿಮ್ಮರಾಯಪ್ಪ, ಹಿಂಡಿ ಕೊಡಪ್ಪ. ಹಿಂಡಿ ತಂದರೆ ಬೆರಣಿ. ಬೆರಣಿ ತಂದರೆ ಗಡಿಗೆ. ಗಡಿಗೆ ಇಟ್ಟರೆ ಗರಡಿ. ಗರಡಿ ಇಳಿದರೆ ಬಿಂದಿಗೆ. ಬಿಂದಿಗೆ ಬಂದರೆ ನೀರು. ನೀರು ಕುಡಿದರೆ ಸಸಿ. ಬಿಸಿಲು ಏರುತ್ತಿದೆ, ಬೇಗ ಕೊಡಪ್ಪ."

"ಏನಕ್ಕ, ತಲೆ ತಿರುಗುತ್ತೆ. ಮೊದಲೇ ಹೊಟ್ಟೆ ಹಸಿದಿದೆ. ಮುದ್ದೆ ಇದೆ, ಸಾರಿಲ್ಲ. ಬರೀ ಮುದ್ದೆ ಗಂಟಲಲ್ಲೇ ಕೂರುತ್ತೆ. ಒಂದು ದೊನ್ನೆ ಸಾರು ತಾ. ಎಷ್ಟು ಹಿಂಡಿ ಬೇಕೋ ತುಂಬಿಕೋ."

ತೋಟದಲ್ಲಿ ಬದನೆ ಎಲೆ ಬಾಡಿತು. ಟೊಮೆಟೊ ಎಲೆ ಬಾಡಿತು. ಮೆಣಸಿನ ಎಲೆ ಬಾಡಿತು.

ಕದಿರಮ್ಮ ಓಡಿದಳು. ಮುದ್ದೆ ಅಂಗಡಿಯ ಪಾಪಕ್ಕನ ಹತ್ತಿರ ಓಡಿದಳು. ಉಸಿರು ಮೇಲೆ ಕೆಳಗೆ.

"ಪಾಪಕ್ಕ, ಪಾಪಕ್ಕ, ಸಾರು ಕೊಡಕ್ಕ. ಸಾರು ತಂದರೆ ಹಿಂಡಿ. ಹಿಂಡಿ ತಂದರೆ ಬೆರಣಿ. ಬೆರಣಿ ತಂದರೆ ಗಡಿಗೆ. ಗಡಿಗೆ ಇಟ್ಟರೆ ಗರಡಿ. ಗರಡಿ ಇಳಿದರೆ ಬಿಂದಿಗೆ. ಬಿಂದಿಗೆ ಬಂದರೆ ನೀರು. ನೀರು ಕುಡಿದರೆ ಸಸಿ. ಬಿಸಿಲು ಏರುತ್ತಿದೆ, ಬೇಗ ಕೊಡಕ್ಕ."

ಪಾಪಕ್ಕ ಸೌಟು ತೋರಿಸಿದಳು. ಸೌಟು ಒಣಗಿತ್ತು.

"ಸಾರು ಎಲ್ಲಿಂದ ಬರಬೇಕು ಕದಿರಿ? ಬದನೆಕಾಯಿ ಇಲ್ಲ. ಟೊಮೆಟೊ ಇಲ್ಲ. ಮೆಣಸಿನಕಾಯಿ ಇಲ್ಲ. ತರಕಾರಿ ತಂದರೆ ಸಾರು."

"ತರಕಾರಿನಾ? ಅದು ನನ್ನ ತೋಟದಲ್ಲೇ ಬೆಳೆಯೋದು. ಸಸಿ ಬೆಳೆದರೆ ತರಕಾರಿ. ತರಕಾರಿ ತಂದರೆ ಸಾರು. ಸಾರು ತಂದರೆ ಹಿಂಡಿ. ಹಿಂಡಿ ತಂದರೆ ಬೆರಣಿ. ಬೆರಣಿ ತಂದರೆ ಗಡಿಗೆ. ಗಡಿಗೆ ಇಟ್ಟರೆ ಗರಡಿ. ಗರಡಿ ಇಳಿದರೆ ಬಿಂದಿಗೆ. ಬಿಂದಿಗೆ ಬಂದರೆ ನೀರು. ನೀರು ಕುಡಿದರೆ..."

ಕದಿರಮ್ಮನ ಬಾಯಿ ನಿಂತಿತು. ಕಾಲೂ ನಿಂತಿತು. ಹೊರಟಲ್ಲಿಗೇ ಬಂದಿದ್ದಳು. ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

"ನನ್ನ ಸಾರಿಗೆ ನಿನ್ನ ಸಸಿ ಬೇಕು," ಎಂದಳು ಪಾಪಕ್ಕ.

"ಹೂಂ."

"ನಿನ್ನ ಸಸಿಗೆ ನನ್ನ ಸಾರು ಬೇಕು."

"ಹೂಂ."

"ಯಾರಾದರೂ ಒಬ್ಬರು ಮೊದಲು ಕೊಡಬೇಕಲ್ಲೇ."

ಪಾಪಕ್ಕ ಆಚೆ ನೋಡಿದಳು. ಈಚೆ ನೋಡಿದಳು. ಬೇರೆ ಯಾರೂ ಇರಲಿಲ್ಲ.

ಒಲೆಯ ಹಿಂದೆ ಒಂದು ಪುಟ್ಟ ಕುಡಿಕೆ ಇತ್ತು. ಅದರಲ್ಲಿ ಚೂರು ಹುರುಳಿ ಸಾರು ಇತ್ತು. ಪಾಪಕ್ಕ ತನ್ನ ಊಟಕ್ಕೆ ಇಟ್ಟುಕೊಂಡದ್ದು. ಅವಳು ಕುಡಿಕೆ ನೋಡಿದಳು. ಕದಿರಮ್ಮನನ್ನು ನೋಡಿದಳು. ಮತ್ತೆ ಕುಡಿಕೆ ನೋಡಿದಳು.

"ಇದು ಹೋದರೆ ನನ್ನ ಒಂದು ಹೊತ್ತಿನ ಸಾರು ಹೋಗುತ್ತೆ. ಸಸಿ ಹೋದರೆ ಊರಿಗೆಲ್ಲ ವರ್ಷದ ಸಾರು ಹೋಗುತ್ತೆ. ತಗೋ. ಚೆಲ್ಲಬೇಡ. ಓಡು."

ದೊನ್ನೆಯ ತುಂಬ ಸಾರು. ಕದಿರಮ್ಮ ಓಡಿದಳು. ಹಿಂದಕ್ಕೆ ಓಡಿದಳು.

ಸಾರು ತಿಮ್ಮರಾಯಪ್ಪನಿಗೆ. ಸೊರ್ರೆಂದು ಕುಡಿದ. ಹಿಂಡಿ ಕೊಟ್ಟ.

ಹಿಂಡಿ ಗೋವಿಂದಮ್ಮನಿಗೆ. ಎಮ್ಮೆ ಮೂತಿ ಈಚೆ ತಿರುಗಿಸಿತು. ಗೋವಿಂದಮ್ಮ ಬೆರಣಿ ಕೊಟ್ಟಳು.

ಬೆರಣಿ ಸಿಂಗಣ್ಣನಿಗೆ. ಅವನು ಗಡಿಗೆ ತಟ್ಟಿ ನೋಡಿದ. ಟಣ್ ಎಂದಿತು. ಗಡಿಗೆ ಕೊಟ್ಟ.

ಗಡಿಗೆ ವೀರಾಚಾರಿಗೆ. ಅವನೂ ತಟ್ಟಿ ನೋಡಿದ. ಟಣ್ ಎಂದಿತು. ಗರಡಿ ಕೊಟ್ಟ. "ದೀಪಾವಳಿ ಮಾಡಬೇಡಕ್ಕ," ಎಂದ.

ಗರಡಿ ಬಾವಿಗೆ.

ಹಗ್ಗ ಇಳಿಯಿತು. ಇಳಿಯಿತು. ಇಳಿಯಿತು. ಕದಿರಮ್ಮ ಎಳೆದಳು. ಏನು ಬಂತು? ಕೆಸರು.

ಮತ್ತೆ ಇಳಿಸಿದಳು. ಎಳೆದಳು. ಏನು ಬಂತು? ಯಾರದೋ ಹಳೇ ಚಪ್ಪಲಿ.

ಬಿಸಿಲು ನೆತ್ತಿಗೆ ಇನ್ನು ಒಂದು ಗೇಣು.

ಮತ್ತೆ ಇಳಿಸಿದಳು. ಆಚೆ ಆಡಿಸಿದಳು. ಈಚೆ ಆಡಿಸಿದಳು. ಕಣ್ಣು ಮುಚ್ಚಿದಳು. ಟಕ್. ಏನೋ ಸಿಕ್ಕಿತು. ಭಾರ. ಬಲು ಭಾರ. ಎಳೆದಳು. ಎಳೆದಳು. ಎಳೆದಳು.

ಬಿಂದಿಗೆ ಬಂತು. ಬರುವಾಗಲೇ ನೀರು ತುಂಬಿಕೊಂಡು ಬಂತು.

ನೀರು ಬದನೆಗೆ. ನೀರು ಟೊಮೆಟೊಗೆ. ನೀರು ಮೆಣಸಿಗೆ. ಸೇದಿದಳು, ಸುರಿದಳು. ಸೇದಿದಳು, ಸುರಿದಳು. ಬಿಸಿಲು ನೆತ್ತಿಗೆ ಬಂತು. ನೋಡಿತು. ಮಣ್ಣೆಲ್ಲ ಒದ್ದೆ. ಬಿಸಿಲಿಗೆ ಏನೂ ಸಿಗಲಿಲ್ಲ.

ಗರಡಿ ವೀರಾಚಾರಿಗೆ ವಾಪಸ್ಸು ಹೋಯಿತು. ಗಡಿಗೆ ಕದಿರಮ್ಮನ ಕೈಗೆ ಬಂತು. ಈಗ ಅವಳಿಗೆ ಬಿಂದಿಗೆಯೂ ಉಂಟು, ಗಡಿಗೆಯೂ ಉಂಟು.

ಪಾಪಕ್ಕ ಅಂದು ಮುದ್ದೆಗೆ ಉಪ್ಪಿನಕಾಯಿ ನಂಚಿಕೊಂಡಳು.

ಸಂಜೆ ಬದನೆ ತಲೆ ಎತ್ತಿತು. ಟೊಮೆಟೊ ತಲೆ ಎತ್ತಿತು. ಮೆಣಸು ತಲೆ ಎತ್ತಿತು. ಆಮೇಲೆ ಹೂವು. ಆಮೇಲೆ ಕಾಯಿ.

ಮೊದಲ ಬುಟ್ಟಿ ಯಾರಿಗೆ? ಪಾಪಕ್ಕನಿಗೆ. ದೊಡ್ಡ ಪಾತ್ರೆಯಲ್ಲಿ ಸಾರು ಕೊತಕೊತ ಕುದಿಯಿತು. ಘಮ ಊರೆಲ್ಲ ಸುತ್ತಿತು. ತಿಮ್ಮರಾಯಪ್ಪ ಬಂದ. ಗೋವಿಂದಮ್ಮ ಬಂದಳು. ಸಿಂಗಣ್ಣ ಬಂದ. ವೀರಾಚಾರಿ ಬಂದ. ಎಮ್ಮೆಯೂ ಬಂತು. ಬದನೆ ತೊಟ್ಟು ತಿಂದು ಹೋಯಿತು.

ಎಲ್ಲರಿಗಿಂತ ಮೊದಲು ಪಾಪಕ್ಕ ಕುಳಿತು ಉಂಡಳು. ಬಡಿಸಿದವಳು ಕದಿರಮ್ಮ.

ಕಥೆ ಇಷ್ಟೇ. ಏಳಿ. ಕೈ ತೊಳೆಯಿರಿ. ತಟ್ಟೆಯಲ್ಲಿ ಬದನೆಕಾಯಿ ಪಕ್ಕಕ್ಕೆ ತಳ್ಳಬೇಡಿ.